ಐಇಎಲ್‌ಟಿಎಸ್ ಲಿಸನಿಂಗ್ ನಾಲ್ಕನೇ ಭಾಗ: ಟೆಡ್, ಎಂಐಟಿ, ಹಳೇ ಪ್ರಶ್ನೆಪತ್ರಿಕೆ – ಯಾವುದರಿಂದ ಕಿವಿ ಪಳಗಿತು?

ವಿದೇಶದಲ್ಲಿ ಓದಲು, ಕೆಲಸ ಮಾಡಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದರ ಲಿಸನಿಂಗ್‌ನಲ್ಲಿ, ಅಂದರೆ ಕೇಳಿ ಉತ್ತರಿಸುವ ವಿಭಾಗದಲ್ಲಿ, ನನ್ನನ್ನು ಕಾಡಿದ್ದು ನಾಲ್ಕನೇ ಭಾಗ. ಒಬ್ಬರೇ ಮಾಡುವ ಪಾಠ, 10 ಪ್ರಶ್ನೆ (31ರಿಂದ 40), ನಡುವೆ ಬಿಡುವಿಲ್ಲ, ಕೇಳಿಸುವುದು ಒಂದೇ ಸಲ. ಮೊದಲ ಮಾಕ್ ಟೆಸ್ಟ್‌ನಲ್ಲಿ 34ನೇ ಉತ್ತರಕ್ಕೆ ಕಾಯುತ್ತಾ ಕೂತೆ. ಅಷ್ಟರಲ್ಲಿ 35, 36 ಎರಡೂ ದಾಟಿಹೋಗಿದ್ದವು. ಆಮೇಲೆ ಮೂರು ಬಗೆಯ ಅಭ್ಯಾಸ ಹಿಡಿದೆ, ಒಂದೊಂದಕ್ಕೂ ಎರಡು ವಾರ.

ಮೊದಲು ಟೆಡ್, ಅಂದರೆ ಬೇರೆ ಬೇರೆ ವಿಷಯಗಳ ಮೇಲೆ ವೇದಿಕೆಯಲ್ಲಿ ಮಾಡುವ ಚಿಕ್ಕ ಇಂಗ್ಲಿಷ್ ಭಾಷಣಗಳು, ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೆಚ್ಚೆಂದರೆ 18 ನಿಮಿಷ, ಕೇಳಲು ಹಿತ. ಇಂಗ್ಲಿಷ್ ಪಾಠ ಅಂದರೆ ಇದ್ದ ಭಯ ಹೋಯಿತು, ಅಷ್ಟೇ. ಅಲ್ಲಿ ಮಾತಾಡುವವರು ಚೆನ್ನಾಗಿ ತಯಾರಾಗಿ ಬಂದಿರುತ್ತಾರೆ, ತಡವರಿಸುವುದೇ ಕಡಿಮೆ. ಮುಗಿದ ಮೇಲೆ ಎಲ್ಲಾ ಅರ್ಥವಾಯಿತು ಅನ್ನಿಸುತ್ತಿತ್ತು. ಆದರೆ ನೋಟ್ಸ್ ಪುಟ ಖಾಲಿ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಆನ್‌ಲೈನ್‌ನಲ್ಲಿ ಹಾಕುವ ಓಪನ್‌ಕೋರ್ಸ್‌ವೇರ್ ಬೇರೆಯೇ ಅನುಭವ. ಅದು ನಿಜವಾದ ತರಗತಿ, ಉಚಿತ ಕೂಡ. ಮೇಷ್ಟ್ರು ಒಂದು ಮಾತು ಶುರುಮಾಡಿ, ಅರ್ಧಕ್ಕೆ ಬಿಟ್ಟು, ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಬೋರ್ಡ್ ಕಾಣದಂತೆ ಫೋನ್ ಮಗುಚಿಟ್ಟು ದಿನಕ್ಕೆ 10 ನಿಮಿಷ ಮಾತ್ರ ಕೇಳುತ್ತಿದ್ದೆ. ‘ನೌ’, ‘ಲೆಟ್ಸ್ ಟರ್ನ್ ಟು’, ‘ಹೌಎವರ್’ ಬಂದಾಗೆಲ್ಲ ಹಾಳೆಯಲ್ಲಿ ಅಡ್ಡಗೆರೆ. ವಿಷಯ ಎಲ್ಲಿ ತಿರುಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ಗೆರೆಗಳಿಂದ. ಒಂದು ಉತ್ತರ ತಪ್ಪಿದರೂ ಮುಂದಿನದಕ್ಕೆ ಹಾರುವ ಧೈರ್ಯ ಬಂತು. ಕೊರತೆ ಅಂದರೆ, ನಾನು ಕೇಳಿದ್ದೆಲ್ಲ ಹೆಚ್ಚಾಗಿ ಅಮೆರಿಕದ ಉಚ್ಚಾರಣೆ. ಪರೀಕ್ಷೆಯಲ್ಲಿ ಬ್ರಿಟನ್, ಆಸ್ಟ್ರೇಲಿಯಾದ ದನಿಗಳೂ ಇರುತ್ತವಲ್ವಾ? ಎನ್‌ಪಿಟಿಇಎಲ್, ಅಂದರೆ ನಮ್ಮ ಐಐಟಿಗಳ ಆನ್‌ಲೈನ್ ಪಾಠಗಳನ್ನೂ ಎರಡು ದಿನ ಹಾಕಿದೆ. ವಿಷಯ ಕಲಿಯಲು ಬಹಳ ಒಳ್ಳೆಯದು, ಆದರೆ ಅಲ್ಲಿ ನಮ್ಮದೇ ಉಚ್ಚಾರಣೆ, ಕಿವಿಗೆ ಕೆಲಸವೇ ಇಲ್ಲ.

ಕೊನೆಗೆ ಕೇಂಬ್ರಿಡ್ಜ್ ಪುಸ್ತಕವಾಗಿ ಪ್ರಕಟಿಸಿರುವ ಹಳೇ ಪ್ರಶ್ನೆಪತ್ರಿಕೆಗಳು. ಸುಮ್ನೆ ಅಂಕ ಎಣಿಸುತ್ತಾ ಹೋದರೆ ಇವು ಬೇಗ ಮುಗಿದುಹೋಗುತ್ತವೆ. ನಾನು ಆಡಿಯೊವನ್ನು ಒಂದೊಂದು ನಿಮಿಷದ ತುಂಡು ಮಾಡಿ, ಕೇಳಿದ್ದನ್ನು ಪದ ಬಿಡದೆ ಬರೆದು, ಪುಸ್ತಕದ ಕೊನೆಯಲ್ಲಿರುವ ಆಡಿಯೊದ ಬರಹದ ಜೊತೆ ಹೋಲಿಸಿದೆ. ನನ್ನ ತಪ್ಪು ಸಿಕ್ಕಿದ್ದು ಅಲ್ಲೇ. ‘ಪ್ಲಾಂಟ್ಸ್’ ಅಂದಲ್ಲಿ ‘ಪ್ಲಾಂಟ್’, ‘ಆಸ್ಕ್ಡ್’ ಅಂದಲ್ಲಿ ‘ಆಸ್ಕ್’ ಬರೆದಿದ್ದೆ. ನಾವು ಬಸ್ಸು, ಕಾರು, ಬುಕ್ಕು ಅಂತ ಕೊನೆಗೊಂದು ಸ್ವರ ಸೇರಿಸಿ ಹೇಳುವವರು. ಸ್ವರವಿಲ್ಲದೆ ಮುಗಿಯುವ ಆ ಸಣ್ಣ ಸದ್ದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬಹುವಚನದ ‘ಎಸ್’ ಬಿಟ್ಟರೆ ಉತ್ತರವೇ ತಪ್ಪು. ಇನ್ನೊಂದು ವಿಷಯ, ಪ್ರಶ್ನೆಯಲ್ಲಿ ‘ಡಿಕ್ಲೈನ್’ ಅಂತಿದ್ದರೆ ಪಾಠದಲ್ಲಿ ‘ಫಾಲಿಂಗ್ ನಂಬರ್ಸ್’ ಅಂತ ಬರುತ್ತದೆ. ಈ ಬಗೆಯ ಪದ ಬದಲಾವಣೆ ಟೆಡ್‌ನಲ್ಲಾಗಲಿ ಎಂಐಟಿಯಲ್ಲಾಗಲಿ ಕಲಿಯಲು ಸಿಗಲಿಲ್ಲ.

ನಿಮಗೆ ಮೂರೇ ವಾರ ಇದ್ದರೆ ಟೆಡ್ ಬಿಡಿ. ವಾರಕ್ಕೆ ನಾಲ್ಕು ದಿನ ಹಳೇ ಪತ್ರಿಕೆ ಕೇಳಿ ಬರೆಯಿರಿ, ಎರಡು ದಿನ ಎಂಐಟಿ ಪಾಠ ಕೇಳಿ. ಕೇಳಿ ಬರೆಯುವಾಗ ಮೊದಲ ವಾರ ಒಂದು ನಿಮಿಷದ ಆಡಿಯೊಗೆ ಅರ್ಧ ಗಂಟೆ ಹಿಡಿಯುತ್ತದೆ, ನನಗೂ ಹಿಡಿಯಿತು. ಗಾಬರಿಯಾಗಬೇಡಿ.