ಅಂಗಡಿ ಕಂಪ್ಯೂಟರ್‌ಗೆ ಫ್ರೀ ವಿಪಿಎನ್ ಹಾಕುವ ಮೊದಲು ಇದನ್ನು ಓದಿ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಇಂಪೆಲ್ಲರ್, ಬುಶ್, ಸೀಲ್, ಕೇಬಲ್ ಇಂಥವು. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಮೆಕ್ಯಾನಿಕ್‌ಗಳು ಬರುತ್ತಾರೆ. ಅರ್ಧಕ್ಕರ್ಧ ವ್ಯಾಪಾರ ಉದ್ರಿ. ಆ ಉದ್ರಿ ಲೆಕ್ಕವೆಲ್ಲ ಒಂದೇ ಕಂಪ್ಯೂಟರ್‌ನ ಟ್ಯಾಲಿಯಲ್ಲಿದೆ. ಅದೇ ಕಂಪ್ಯೂಟರ್‌ಗೆ ನಾನು ಫ್ರೀ ವಿಪಿಎನ್ ಹಾಕಿದೆ, ಅಂದರೆ ಇಂಟರ್‌ನೆಟ್ ಒಳಗೇ ಮರೆಯ ದಾರಿ ಮಾಡಿಕೊಡುವ ಸಾಫ್ಟ್‌ವೇರ್. ಮೂರು ತಿಂಗಳಾಯಿತು, ಇನ್ನೂ ಅದರಿಂದ ಪೂರ್ತಿ ಬಿಡಿಸಿಕೊಂಡಿಲ್ಲ.

ನಮ್ಮ ಲೆಕ್ಕ ಬರೆಯುವ ಅಕ್ಕಾರ ಮನೆ ಧಾರವಾಡದಲ್ಲಿ. ದಿನಾ ಚಿಗರಿ ಬಸ್ಸಿಗೆ ಬಂದು ಹೋಗುತ್ತಿದ್ದರು. ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. "ಅಣ್ಣಾರ, ಮನಿಯಿಂದನ ಟ್ಯಾಲಿ ತೆರೆಯೂ ಹಂಗ ಮಾಡಿ ಕೊಡ್ರಿ, ರಾತ್ರಿ ಕುಂತು ಬರೀತೇನಿ" ಅಂದರು. ಒಳ್ಳೆ ಕೆಲಸಗಾರರು, ಬಿಡೋಕೆ ಮನಸ್ಸಿರಲಿಲ್ಲ. ಇದಕ್ಕೆ ವಿಪಿಎನ್ ಬೇಕು ಅಂತ ಪಕ್ಕದ ಅಂಗಡಿಯವರು ಹೇಳಿದರು. ಮಾತು ಸರಿಯೇ ಇತ್ತು. ಆದರೆ ಯಾವ ವಿಪಿಎನ್ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೂಗಲ್‌ನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದನ್ನೇ ಒತ್ತಿದೆ. ಅದು ಜಾಹೀರಾತು ಅಂತ ಆಮೇಲೆ ಗೊತ್ತಾಯಿತು. ಡೌನ್‌ಲೋಡ್ ಆಯಿತು, ಆಂಟಿವೈರಸ್ ಕೆಂಪು ಪೆಟ್ಟಿಗೆ ತೋರಿಸಿ ತಡೆಯಿತು. ಹೇಗೆ ಹಾಕಬೇಕು ಅಂತ ತೋರಿಸುವ ಒಂದು ವಿಡಿಯೋದಲ್ಲಿ "ಆಂಟಿವೈರಸ್ ಐದು ನಿಮಿಷ ಬಂದ್ ಮಾಡಿ, ಏನೂ ಆಗಲ್ಲ" ಅಂದಿದ್ದರು. ಬಂದ್ ಮಾಡಿದೆ. ಅಲ್ಲೇ ನಿಲ್ಲಬೇಕಿತ್ತು. ಯಾವುದೇ ಸಾಫ್ಟ್‌ವೇರ್ ಹಾಕಲು ಆಂಟಿವೈರಸ್ ಬಂದ್ ಮಾಡಿ ಅಂದರೆ ದಯವಿಟ್ಟು ಅಷ್ಟಕ್ಕೇ ಕೈಬಿಡಿ.

ಇಲ್ಲೊಂದು, ಅಕ್ಕಾರ ಲ್ಯಾಪ್‌ಟಾಪ್‌ಗೊಂದು ಹಾಕಿದೆವು. ಎರಡರಲ್ಲೂ ಕನೆಕ್ಟ್ ಆಯಿತು ಅನ್ನೋ ಹಸಿರು ಗುರುತು ಬಂತು. ಟ್ಯಾಲಿ ಮಾತ್ರ ತೆರೆಯಲಿಲ್ಲ. ಎರಡು ದಿನ ಒದ್ದಾಡಿ ಬಿಟ್ಟೆವು. ಅಕ್ಕಾರು ತಮ್ಮದನ್ನು ತೆಗೆದರು. ನಾನು ಅಂಗಡಿಯದನ್ನು ಹಾಗೇ ಬಿಟ್ಟೆ. ಕಂಪ್ಯೂಟರ್ ಆನ್ ಆದಾಗೆಲ್ಲ ಅದೂ ತಾನಾಗಿ ಆನ್ ಆಗುತ್ತಿತ್ತು. ಸಿಸಿಟಿವಿ ರೆಕಾರ್ಡ್ ಅದರಲ್ಲೇ ಇದ್ದುದರಿಂದ ರಾತ್ರಿಯೂ ಕಂಪ್ಯೂಟರ್ ಬಂದ್ ಮಾಡುತ್ತಿರಲಿಲ್ಲ.

ಆಮೇಲೆ ಚಿಕ್ಕ ಚಿಕ್ಕ ತೊಂದರೆ ಶುರುವಾದವು. ನೆಟ್ ನಿಧಾನ. ಗೂಗಲ್ ತೆರೆದರೆ ಪ್ರತಿ ಸಲ ಸಿಗ್ನಲ್ ದೀಪದ ಚಿತ್ರ ಆರಿಸಿ ಅಂತ ಕೇಳುವುದು. ಒಂದು ರಾತ್ರಿ ಅರ್ಧ ಶಟರ್ ಎಳೆದು, ಲೈಟ್ ಆರಿಸಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಕತ್ತಲಲ್ಲಿ ರೂಟರ್‌ನ ದೀಪ ಒಂದೇ ಸಮ ಪಟಪಟ ಮಿಟುಕುತ್ತಿತ್ತು. ಅಂಗಡಿಯಲ್ಲಿ ಯಾರೂ ಇಲ್ಲ, ಇಷ್ಟು ಓಡಾಡುತ್ತಿರುವುದು ಯಾರು ಅಂತ ಒಂದು ಕ್ಷಣ ಅನಿಸಿತು. ಕ್ಯಾಮೆರಾದ್ದಿರಬೇಕು ಅಂದುಕೊಂಡು ಬೀಗ ಹಾಕಿ ಹೋದೆ.

ಸುಮಾರು ಒಂದು ತಿಂಗಳಿಗೆ ಪೊಲೀಸರ ಫೋನ್ ಬಂತು. ನಿಮ್ಮ ಇಂಟರ್‌ನೆಟ್‌ನಿಂದ ರಾತ್ರಿ ಎರಡೂವರೆಗೆ ಬೇರೆ ಊರಿನವರ ಬ್ಯಾಂಕ್ ಖಾತೆಗೆ ನುಗ್ಗುವ ಪ್ರಯತ್ನ ಆಗಿದೆ ಅಂದರು. ಡಿಜಿಟಲ್ ಅರೆಸ್ಟ್ ಮೋಸದ ಸುದ್ದಿ ಓದಿದ್ದೆ, ಕಟ್ ಮಾಡಿಬಿಟ್ಟೆ. ಮರುದಿನ ಇಬ್ಬರು ಅಂಗಡಿಗೇ ಬಂದರು. ಗಿರಾಕಿಗಳು ನಿಂತಿದ್ದರು. ನಲವತ್ತು ವರ್ಷದ ಅಂಗಡಿ, ಅಪ್ಪ ಕಟ್ಟಿದ್ದು. ಎಲ್ಲರೂ ನೋಡುತ್ತಿದ್ದ ಹಾಗೆ ಹೇಳಿಕೆ ಬರೆಸಬೇಕಾಯಿತು. ಅವರು ಗೌರವದಿಂದಲೇ ಮಾತಾಡಿದರು, ಅದನ್ನು ಹೇಳಲೇಬೇಕು. ಆದರೆ ತನಿಖೆಗೆ ಬೇಕು ಅಂತ ಹಾರ್ಡ್ ಡಿಸ್ಕ್ ತಗೊಂಡು ಹೋದರು.

ಧಾರವಾಡದಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನಮ್ಮ ಅಕ್ಕನ ಮಗನನ್ನು ಕರೆಸಿದ್ದೆ. ಡಿಸ್ಕ್ ಕೊಡುವ ಮೊದಲು ಪೊಲೀಸರ ಎದುರಿಗೇ ಅವನು ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದು, ಯಾವ ಆಪ್ ಎಷ್ಟು ನೆಟ್ ಬಳಸಿದೆ ಅಂತ ತೋರಿಸಿದ. ಮೂವತ್ತು ದಿನಕ್ಕೆ ಬ್ರೌಸರ್ 9 ಜಿಬಿ. ಆ ವಿಪಿಎನ್ 214 ಜಿಬಿ. "ಮಾಮಾ, ಇದು ನಿಮಗ ದಾರಿ ಮಾಡಿಕೊಟ್ಟಿಲ್ಲ. ನಿಮ್ಮ ದಾರಿನ ಮಂದಿಗೆ ಬಾಡಿಗಿ ಕೊಟ್ಟದ" ಅಂದ.

ಅವನು ಬಿಡಿಸಿ ಹೇಳಿದ್ದನ್ನು ನಮ್ಮ ಧಂದೆಯ ಮಾತಲ್ಲೇ ಹೇಳುತ್ತೇನೆ. ವಿಪಿಎನ್ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಸಾಮಾನು ಸಿಗುತ್ತವೆ. ಒಂದು, ನಿಮ್ಮ ಬಾವಿಯಿಂದ ನಿಮ್ಮ ಹೊಲಕ್ಕೆ ನೆಲದಡಿ ಎಳೆದ ಪೈಪ್‌ಲೈನ್ ಇದ್ದ ಹಾಗೆ. ಎರಡೂ ತುದಿ ನಿಮ್ಮವೇ, ಎರಡಕ್ಕೂ ಬೀಗ. ಅಂಗಡಿ ಮತ್ತು ಮನೆ ಜೋಡಿಸಲು ಬೇಕಾದದ್ದು ಇದು. ಇನ್ನೊಂದು, ನಿಮ್ಮ ನೀರನ್ನೆಲ್ಲ ಎಲ್ಲೋ ಇರುವ ಯಾರದೋ ಟ್ಯಾಂಕಿಗೆ ಹರಿಸಿ, ಅಲ್ಲಿಂದ ಹೊರಗೆ ಬಿಡುವುದು. ಇದು ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಮರೆ ಮಾಡುತ್ತದೆ ಅಷ್ಟೇ. ದುಡ್ಡು ಕೊಟ್ಟು ತಗೊಂಡರೂ, ಎಷ್ಟೇ ಒಳ್ಳೆಯದಾದರೂ, ಅದರಿಂದ ಅಂಗಡಿಯ ಟ್ಯಾಲಿ ಮನೆಯಲ್ಲಿ ತೆರೆಯುವುದಿಲ್ಲ. ಆಪ್ ಅಂಗಡಿಗಳಲ್ಲಿ ಫ್ರೀ ಅಂತ ಸಿಗುವುದು ಹೆಚ್ಚಾಗಿ ಈ ಎರಡನೆಯದೇ.

ಅದರಲ್ಲೂ ಕೆಲವು ಫ್ರೀ ಆಪ್‌ಗಳು ಬೇರೆಯವರ ನೀರನ್ನು ನಿಮ್ಮ ಪೈಪಿನಿಂದ ಹೊರಗೆ ಬಿಡುತ್ತವೆ. ಅವರು ಮಾಡಿದ ಕಳ್ಳತನ ನಿಮ್ಮ ವಿಳಾಸದಲ್ಲಿ ದಾಖಲಾಗುತ್ತದೆ. ಇದು ನನ್ನೊಬ್ಬನ ಕಥೆ ಅಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಅನ್ನೋ ಜಾಲವನ್ನು ಮುರಿಯಿತು. ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್, ಶೈನ್ ವಿಪಿಎನ್ ಮೊದಲಾದ ಫ್ರೀ ಆಪ್‌ಗಳ ಮೂಲಕ ಜನರ ಕಂಪ್ಯೂಟರ್‌ಗೆ ನುಗ್ಗಿ, 1.9 ಕೋಟಿಗೂ ಜಾಸ್ತಿ ಐಪಿ ವಿಳಾಸಗಳನ್ನು ಅಪರಾಧಿಗಳಿಗೆ ಬಾಡಿಗೆ ಕೊಟ್ಟಿದ್ದರು. ನಾನು ಹಾಕಿದ್ದು ಆ ಹೆಸರಿನದಲ್ಲ, ಕೆಲಸ ಮಾತ್ರ ಅದೇ.

ನಷ್ಟದ ಲೆಕ್ಕ ಹೇಳುತ್ತೇನೆ. ಡಿಸ್ಕ್ ಹೋದದ್ದು ತಿಂಗಳ 8ಕ್ಕೆ. ಜಿಎಸ್‌ಟಿಆರ್-1 (ಮಾರಾಟದ ವಿವರ) ಕೊಡಬೇಕಾದದ್ದು 11ಕ್ಕೆ, 3ಬಿ (ತೆರಿಗೆ ಕಟ್ಟುವ ರಿಟರ್ನ್) 20ಕ್ಕೆ. ಗಲ್ಲೆಯಲ್ಲಿದ್ದ ಪೆನ್‌ಡ್ರೈವ್‌ನಲ್ಲಿ ಐದು ವಾರ ಹಳೆಯ ಬ್ಯಾಕಪ್ ಮಾತ್ರ ಇತ್ತು. ಅಕ್ಕಾರು ಹಾಸಿಗೆ ಹಿಡಿದ ತಾಯಿಯನ್ನು ತಂಗಿಯ ಹತ್ತಿರ ಬಿಟ್ಟು ಬಂದು, ಕಾಗದದ ಬಿಲ್ ಹರಡಿಕೊಂಡು ಎಲ್ಲ ಮತ್ತೆ ಬರೆದರು. ಆದರೂ 3ಬಿ ತಡವಾಯಿತು. ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ಬಿಲ್ ಸಿಗದ ಒಂದಿಷ್ಟು ಉದ್ರಿ ಹೋದ ಹಾಗೆಯೇ. ಡಿಜಿಟಲ್ ಸಹಿಯ ಟೋಕನ್ ಯಾವಾಗಲೂ ಆ ಕಂಪ್ಯೂಟರ್‌ಗೇ ಚುಚ್ಚಿರುತ್ತಿತ್ತು, ಪಿನ್ ಒತ್ತಿದ್ದೂ ಅಲ್ಲೇ. ಅದನ್ನು ರದ್ದು ಮಾಡಿಸಿ ಹೊಸದು ತಗೊಂಡೆ. ಎಲ್ಲ ಪಾಸ್‌ವರ್ಡ್ ಬೇರೆ ಮೊಬೈಲ್‌ನಿಂದ ಬದಲಿಸಿದೆ.

ಈಗ ಹೊಸ ಡಿಸ್ಕ್‌ಗೆ ಅಳಿಯ ವೈರ್‌ಗಾರ್ಡ್ ಅನ್ನೋ ಮೊದಲ ಬಗೆಯ ವಿಪಿಎನ್ ಹಾಕಿಕೊಟ್ಟಿದ್ದಾನೆ. ಅದೂ ಫ್ರೀ, ಆದರೆ ನಡುವೆ ಯಾರ ಟ್ಯಾಂಕೂ ಇಲ್ಲ. ಅದರ ಸ್ವಂತ ವೆಬ್‌ಸೈಟ್ ವಿಳಾಸ ಟೈಪ್ ಮಾಡಿಯೇ ಇಳಿಸಿಕೊಂಡ. ನಮ್ಮಲ್ಲಿ ಸ್ಥಿರ ಐಪಿ, ಅಂದರೆ ನಮಗೇ ಮೀಸಲಾದ ಬದಲಾಗದ ವಿಳಾಸ, ಇದ್ದದ್ದು ಅನುಕೂಲವಾಯಿತು. ಸುಮಾರು ಕಡೆ ನೆಟ್ ಕಂಪನಿಗಳು ಒಂದೇ ಐಪಿಯನ್ನು ಹತ್ತಾರು ಮನೆಗೆ ಹಂಚಿರುತ್ತವೆ, ಅಂಥಲ್ಲಿ ಹೊರಗಿನಿಂದ ನೇರವಾಗಿ ಬರೋಕಾಗಲ್ಲ. ಮೊದಲ ದಿನ ಹಸಿರು ಬಂದರೂ ಟ್ಯಾಲಿ ಸಿಗಲಿಲ್ಲ. ಅಂಗಡಿಯ ರೂಟರ್, ಅಕ್ಕಾರ ಮನೆಯ ರೂಟರ್ ಎರಡೂ 192.168.1 ಅನ್ನೋ ಒಂದೇ ಸಾಲಿನ ವಿಳಾಸಗಳಲ್ಲಿದ್ದವು, ಹಾಗಾಗಿ ಲ್ಯಾಪ್‌ಟಾಪ್ ಅಂಗಡಿಯ ಕಂಪ್ಯೂಟರನ್ನು ಮನೆಯಲ್ಲೇ ಹುಡುಕುತ್ತಿತ್ತು. ಅಂಗಡಿಯದನ್ನು 192.168.50 ಮಾಡಿದ ಮೇಲೆ ತಕ್ಷಣ ತೆರೆಯಿತು. ಇದಕ್ಕೇ ಎಷ್ಟೋ ಜನ ಬೇಸತ್ತು, ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ (ದೂರದಿಂದ ಕಂಪ್ಯೂಟರ್ ನಡೆಸುವ ಸೌಲಭ್ಯ) 3389 ಪೋರ್ಟನ್ನು, ಅಂದರೆ ಅದರ ಬಾಗಿಲನ್ನು, ನೇರ ತೆರೆದುಬಿಡುತ್ತಾರಂತೆ. ಅದನ್ನಂತೂ ಮಾಡಲೇಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವವರು ಹುಡುಕುವುದೇ ಅಂಥ ಬಾಗಿಲನ್ನು. ಈ ವಿಪಿಎನ್‌ಗೆ ಸೇರಲು ಬೇಕಾದ ಅಕ್ಕಾರ ಕೀಲಿ ಅವರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆ, ವಾಟ್ಸಾಪ್‌ನಲ್ಲಿ ಕಳಿಸಿಲ್ಲ.

ನಿಮ್ಮಲ್ಲೂ ಅಂಥದ್ದೊಂದು ಕೂತಿದ್ದರೆ ಇವತ್ತೇ ಡೇಟಾ ಯೂಸೇಜ್ ನೋಡಿ. ಗೊತ್ತಿಲ್ಲದ ಹೆಸರಿನ ಮುಂದೆ ದೊಡ್ಡ ಅಂಕಿ ಕಂಡರೆ ಮೊದಲು ನೆಟ್ ಕೇಬಲ್ ಕೀಳಿ. ಬರೀ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಬೇರೆ ಹೆಸರಲ್ಲಿ ಒಳಗೇ ಉಳಿದಿರಬಹುದು. ಬ್ಯಾಕಪ್ ತೆಗೆದು ವಿಂಡೋಸ್ ಹೊಸದಾಗಿ ಹಾಕಿಸಿ. ದುಡ್ಡೇನಾದರೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ.

ಅಕ್ಕಾರು ಈಗ ರಾತ್ರಿ ಮನೆಯಿಂದಲೇ ಲೆಕ್ಕ ಬರೆಯುತ್ತಾರೆ. ನನ್ನ ಹಳೆಯ ಡಿಸ್ಕ್ ಇನ್ನೂ ಪೊಲೀಸರ ಹತ್ತಿರವೇ ಇದೆ.