ಪುತ್ತೂರಿನ ಸೋಮವಾರದ ಸಂತೆ: ಒಂಬತ್ತು ವರ್ಷ ಚೀಲ ಹಿಡಿದು ಹೋದವಳ ಅಭಿಪ್ರಾಯ

‘ಊರ ಬೆಂಡೆ’ ಅನ್ನುವ ಎರಡು ಪದಕ್ಕೆ ನಾನು ಕಿಲೋಗೆ ಮೂವತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದೇನೆ. ಒಂದೆರಡು ವಾರ ಅಲ್ಲ, ಹೆಚ್ಚುಕಮ್ಮಿ ಒಂದು ವರ್ಷ. ಆ ಸಿಟ್ಟು ಈಗ ಪೂರ್ತಿ ಆರಿದೆ ಅಂತ ಹೇಳಲಾರೆ. ಆದರೂ ನಾಳೆ ಸೋಮವಾರ, ಚೀಲ ಆಗಲೇ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಇಟ್ಟಿದ್ದೇನೆ.

ನಾನು ತುಮಕೂರು ಜಿಲ್ಲೆಯವಳು. ಕೆಲಸದ ಮೇಲೆ ದಕ್ಷಿಣ ಕನ್ನಡದ ಪುತ್ತೂರಿಗೆ ಬಂದು ಒಂಬತ್ತು ವರ್ಷ ಆಯಿತು. ಮನೆಯಲ್ಲಿ ಮೂರು ಜನ, ವಾರದ ತರಕಾರಿಗೆ ಐನೂರು ರೂಪಾಯಿ, ಅದರ ಮೇಲೆ ಹೋದರೆ ನನಗೇ ಕಸಿವಿಸಿ. ಸಂತೆ ನನಗೆ ಹೊಸದೇನಲ್ಲ, ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದವಳು. ಆದರೆ ಇಲ್ಲಿನ ಸಂತೆ ಸೋಮವಾರ. ಆಫೀಸಿಗೆ ಹೋಗುವವರಿಗೆ ಇದಕ್ಕಿಂತ ಕೆಟ್ಟ ದಿನ ಇನ್ನೊಂದಿದೆಯಾ? ಭಾನುವಾರ ಪೂರ್ತಿ ಖಾಲಿ ಕೂತು, ಸೋಮವಾರ ಬೆಳಿಗ್ಗೆ ತಿಂಡಿ, ಡಬ್ಬಿ, ಮಗನ ಶಾಲೆ, ಇವುಗಳ ನಡುವೆ ಸಂತೆ ನಡೆಯುವ ಕಿಲ್ಲೆ ಮೈದಾನಕ್ಕೆ ಓಡಬೇಕು. ಮೊದಲ ವರ್ಷ ಸಂಜೆ ಆಫೀಸು ಮುಗಿಸಿ ಹೋಗುತ್ತಿದ್ದೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ. ಅಷ್ಟೊತ್ತಿಗೆ ಒಳ್ಳೆಯದೆಲ್ಲ ಖಾಲಿ, ಉಳಿದದ್ದು ಬಾಡಿದ ಸೊಪ್ಪು. ರೇಟು ಮಾತ್ರ ಇಳಿದಿರುತ್ತದೆ, ಗುಡ್ಡೆಗೆ ಇಷ್ಟು ಅಂತ ಕೂಗಿ ಕೊಟ್ಟುಬಿಡುತ್ತಾರೆ. ದುಡ್ಡು ಉಳಿಸಬೇಕು ಅನ್ನುವವರಿಗೆ ಸಂಜೆಯೇ ಸರಿ.

ಈಗ ನಾನು ಹೋಗುವುದು ಬೆಳಿಗ್ಗೆ ಆರೂಮುಕ್ಕಾಲಿಗೆ. ಎರಡು ಚೀಲ. ದೊಡ್ಡದರ ತಳಕ್ಕೆ ಹಳೇ ಪೇಪರು ಹಾಸಿರುತ್ತೇನೆ, ಇಲ್ಲಿನ ಕೆಂಪು ಮಣ್ಣು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಅದಕ್ಕೆ ಸೌತೆ, ಕುಂಬಳ, ಬಾಳೆಕಾಯಿ. ಚಿಕ್ಕದು ಸೊಪ್ಪಿಗೆ ಮಾತ್ರ, ಅದನ್ನು ಎದೆಗೆ ಅವಚಿಕೊಂಡೇ ಬರುವುದು. ಫೋನಿನಲ್ಲಿ ದುಡ್ಡು ಕಳಿಸಿ ಅಂತ ಈಗ ಎಲ್ಲರೂ ತಕ್ಕಡಿ ಪಕ್ಕ ಕ್ಯೂಆರ್ ಕೋಡು ಅಂಟಿಸಿದ್ದಾರೆ, ಆದರೆ ಮನೆಯ ಹಿತ್ತಲಿನದ್ದು ತರುವ ಅಜ್ಜಿಯರಿಗೆ ಇವತ್ತಿಗೂ ಚಿಲ್ಲರೆಯೇ ಬೇಕು. ಅದಕ್ಕೆ ವಾರವಿಡೀ ಹತ್ತರ ನೋಟು, ನಾಣ್ಯ ಎಲ್ಲ ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಾ ಬರುತ್ತೇನೆ. ಸೋಮವಾರ ಬೆಳಿಗ್ಗೆ ಅದನ್ನು ಪರ್ಸಿಗೆ ಸುರಿದುಕೊಳ್ಳುವ ಸದ್ದು ಕೇಳಿದರೆ ಸಾಕು, ಮಗ ಹಾಸಿಗೆಯಲ್ಲೇ ‘ಬದನೆ ತರಬೇಡ’ ಅನ್ನುತ್ತಾನೆ.

ಈಗ ‘ಊರ’ ಅನ್ನುವ ಪದದ ವಿಷಯ. ಘಟ್ಟದ ಮೇಲಿನವರಿಗೆ ಇದು ತಕ್ಷಣ ಅರ್ಥವಾಗುವುದಿಲ್ಲ, ನನಗೂ ಆಗಿರಲಿಲ್ಲ. ಇಲ್ಲಿ ತರಕಾರಿಯಲ್ಲಿ ಎರಡೇ ಜಾತಿ. ಒಂದು ಊರಿನದ್ದು, ಅಂದರೆ ಇಲ್ಲೇ ಸುತ್ತಮುತ್ತ ಬೆಳೆದದ್ದು. ಇನ್ನೊಂದು ಘಟ್ಟದ್ದು, ಅಂದರೆ ಲಾರಿಯಲ್ಲಿ ಮೇಲಿನಿಂದ ಇಳಿದು ಬಂದದ್ದು. ಊರ ಬೆಂಡೆ, ಊರ ತೊಂಡೆ, ಊರ ಅಲಸಂಡೆ, ಊರ ಹರಿವೆ. ಆ ಪದ ಮುಂದೆ ಸೇರಿಸಿದ ಕೂಡಲೇ ರೇಟು ಏರುತ್ತದೆ, ಮತ್ತೆ ಯಾರೂ ಚೌಕಾಸಿ ಮಾಡುವುದಿಲ್ಲ. ಹೊಸದರಲ್ಲಿ ನಾನು ಕಲಿತ ಮೊದಲ ತುಳು ಮಾತೇ ‘ಉಂದು ಊರುದಾ?’. ಇದು ಊರಿನದ್ದಾ ಅಂತ. ಕೇಳಿದವರೆಲ್ಲ ‘ಅಂದ್, ಅಂದ್’ ಅಂದರು. ಹೌದು ಅಂತ. ನನ್ನ ಉಚ್ಚಾರ ಕೇಳಿದರೇ ಗೊತ್ತಾಗುತ್ತಿತ್ತಲ್ಲ, ಇವಳಿಗೆ ಏನು ಹೇಳಿದರೂ ನಡೆಯುತ್ತದೆ ಅಂತ.

ಒಬ್ಬರ ಹತ್ತಿರ ಖಾಯಂ ಆದೆ. ನಗುನಗುತ್ತಾ ‘ಮೇಡಂ, ನಿಮಗೆ ಊರಿನದ್ದು ತೆಗೆದಿಟ್ಟಿದ್ದೇನೆ’ ಅನ್ನುತ್ತಿದ್ದರು, ತೂಕದ ಮೇಲೆ ನಾಲ್ಕು ಹಸಿಮೆಣಸು ಕೊಸರು ಹಾಕುತ್ತಿದ್ದರು, ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ. ಬೆಂಡೆ ಅವರ ಹತ್ತಿರ ಎರಡು ಗುಡ್ಡೆ. ಒಂದು ಕಿಲೋಗೆ 50, ಇನ್ನೊಂದು ಊರಿನದ್ದು 80. ನಾನು ಊರಿನದ್ದೇ ಅರ್ಧ ಕಿಲೋ. ಮನೆಗೆ ತಂದು ಹುಳಿ ಮಾಡಿ, ‘ನೋಡು, ಊರ ಬೆಂಡೆ ರುಚಿಯೇ ಬೇರೆ’ ಅಂತ ನಾನೇ ಭಾಷಣ ಬಿಗಿದದ್ದೂ ಉಂಟು.

ಒಂದು ಸೋಮವಾರ ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕಿತ್ತು, ಆರು ಗಂಟೆಗೂ ಮೊದಲೇ ಮೈದಾನಕ್ಕೆ ಹೋದೆ. ಪಿಕಪ್‌ನಿಂದ ಗೋಣಿ ಇಳಿಸುತ್ತಿದ್ದರು. ಅವರು ನನ್ನನ್ನು ನೋಡಲಿಲ್ಲ. ಒಂದು ಗೋಣಿಯ ಬಾಯಿ ಬಿಚ್ಚಿದರು, ಬೆಂಡೆ ಸುರಿದರು, ಕೈಯಲ್ಲಿ ಎರಡು ಭಾಗ ಮಾಡಿದರು. ಎಳೆಯದೆಲ್ಲ ಈ ಕಡೆ, ಉಳಿದದ್ದು ಆ ಕಡೆ. ಈ ಕಡೆಯದ್ದರ ಮೇಲೆ ಸ್ವಲ್ಪ ನೀರು ಚಿಮುಕಿಸಿದರು. ಅಷ್ಟೇ. ಊರ ಬೆಂಡೆ ಹುಟ್ಟಿಬಿಟ್ಟಿತು.

ಅಲ್ಲೇ ನಿಂತು ಕೇಳಿದೆ, ಇದು ಎಲ್ಲಿಂದ ಬಂದ ಲೋಡು ಅಂತ. ಪಿಕಪ್ ಡ್ರೈವರ್ ಪಾಪ, ಸುಮ್ನೆ ನಿಜ ಹೇಳಿಬಿಟ್ಟ. ‘ತುಮಕೂರು ಸೈಡು ಅಕ್ಕ’ ಅಂದ. ಅಂದರೆ ನನ್ನ ಊರಿನ ಬೆಂಡೆಯನ್ನೇ ಊರ ಬೆಂಡೆ ಅಂತ ನನಗೇ ಮಾರಿದ್ದಾರೆ. ಒಂದು ಲೆಕ್ಕದಲ್ಲಿ ಅವರು ಸುಳ್ಳು ಹೇಳಿರಲಿಲ್ಲ ನೋಡಿ. ವಾರಕ್ಕೆ 15 ರೂಪಾಯಿ, ವರ್ಷಕ್ಕೆ 780. ದುಡ್ಡು ದೊಡ್ಡದಲ್ಲ. ಹುಳಿ ಮುಂದಿಟ್ಟುಕೊಂಡು ಭಾಷಣ ಮಾಡಿದ್ದೆನಲ್ಲ, ಅದು ಚುಚ್ಚಿತು. ಆಮೇಲೆ ಎರಡು ತಿಂಗಳು ಸಂತೆಯ ಕಡೆ ತಲೆ ಹಾಕಲಿಲ್ಲ, ಮನೆ ಹತ್ತಿರದ ಅಂಗಡಿಯಲ್ಲೇ ತರುತ್ತಿದ್ದೆ. ಅಲ್ಲಿ ಎಲ್ಲವೂ ಘಟ್ಟದ್ದೇ, ಯಾರೂ ಬೇರೆ ಹೆಸರು ಹೇಳುವುದಿಲ್ಲ.

ವಾಪಸು ಹೋದದ್ದು ಬಸಳೆಗಾಗಿ. ಅದು ಅಂಗಡಿಗೆ ಬರುವಷ್ಟರಲ್ಲಿ ಸತ್ತೇ ಹೋಗಿರುತ್ತದೆ.

ಈ ಸಲ ಕಣ್ಣು ಬಿಟ್ಟುಕೊಂಡು ಹೋದೆ. ಹೊಸದಾಗಿ ಬರುವವರಿಗೆ ಇದು ಉಪಯೋಗಕ್ಕೆ ಬರಬಹುದು, ಅದಕ್ಕೆ ಬರೆಯುತ್ತಿದ್ದೇನೆ. ನಿಜವಾದ ಊರ ಬೆಂಡೆ ಗೇಣುದ್ದ ಇರುತ್ತದೆ, ಬಣ್ಣ ಬಿಳಿ ಕಲೆಸಿದ ತೆಳು ಹಸಿರು, ಅಡ್ಡ ಕೊಯ್ದರೆ ಐದಕ್ಕಿಂತ ಜಾಸ್ತಿ ಮೂಲೆ ಕಾಣುತ್ತದೆ. ಉದ್ದ ಇದ್ದರೂ ಎಳೆಯದಿರುತ್ತದೆ, ತುದಿ ಪಟ್ಟನೆ ಮುರಿಯುತ್ತದೆ. ಗಿಡ್ಡ, ಕಡು ಹಸಿರು, ಎಲ್ಲ ಒಂದೇ ಅಳತೆ ಇದ್ದರೆ ಅದು ಲಾರಿಯಲ್ಲಿ ಬಂದದ್ದು. ಊರಿನದ್ದು ಒಂದೇ ಅಳತೆ ಇರುವುದೇ ಇಲ್ಲ. ಒಂದು ಸೊಟ್ಟ, ಒಂದು ದಪ್ಪ, ಒಂದಕ್ಕೆ ಹುಳ. ಮತ್ತೆ ಗುಡ್ಡೆಯ ಗಾತ್ರ ನೋಡಿ. ಒಂದು ಮನೆಯ ಹಿತ್ತಲಲ್ಲಿ ಒಂದು ಗೋಣಿ ಬೆಂಡೆ ಎಲ್ಲಿಂದ ಬರಬೇಕು? ಮೂರು ಕಿಲೋ ಬೆಂಡೆ, ನಾಲ್ಕು ಕಟ್ಟು ಬಸಳೆ, ಒಂದು ಹಿಡಿ ಗಾಂಧಾರಿ ಮೆಣಸು, ಎರಡು ತೆಂಗಿನಕಾಯಿ, ಇಷ್ಟನ್ನು ಅಡಿಕೆ ಹಾಳೆಯ ಮೇಲೆ ಹರಡಿ ಕೂತವರು ಸಾಮಾನ್ಯವಾಗಿ ಮನೆಯಿಂದ ತಂದವರು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಕ್ಯಾಲೆಂಡರು. ಇಲ್ಲಿ ಹಿತ್ತಲಿನ ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂಡೆಗೆ ಮಳೆ ಹಿಡಿಯುವ ಹೊತ್ತಿಗೆ ಬೀಜ ಹಾಕುತ್ತಾರೆ, ಕಾಯಿ ಕೈಗೆ ಬರುವುದು ಜುಲೈ ಮುಗಿಯುತ್ತಾ. ಇನ್ನೊಂದು ಬೆಳೆ ಮಳೆ ನಿಂತ ಮೇಲೆ, ಗದ್ದೆ ಕೊಯ್ಲಾದ ಮೇಲೆ. ಜೂನ್ ಮೊದಲ ವಾರದಲ್ಲಿ ‘ಊರ ಬೆಂಡೆ’ ಅಂದರೆ ನಗು ಬರಬೇಕು, ಆಗ ಅದು ಇನ್ನೂ ಬೀಜ. ನಾನು ವರ್ಷದ ಹನ್ನೆರಡು ತಿಂಗಳೂ ತೆಗೆದುಕೊಂಡಿದ್ದೆ! ಬರಬೇಕಾದ ಅನುಮಾನವೇ ನನಗೆ ಬಂದಿರಲಿಲ್ಲ.

ಹೀಗೆ ತಿಂಗಳು ನೋಡಿ ಕೊಳ್ಳಲು ಶುರು ಮಾಡಿದ ಮೇಲೆ ಸಂತೆಯ ರುಚಿ ಬೇರೆಯೇ ಆಯಿತು. ಫೆಬ್ರವರಿ, ಮಾರ್ಚಿನಲ್ಲಿ ಗುಜ್ಜೆ ಬರುತ್ತದೆ, ಎಳೇ ಹಲಸಿನಕಾಯಿ. ಮೊದಲ ಸಲ ಅದನ್ನು ಕೊಯ್ದು, ಅಂಟು ಚಾಕುವಿಗೂ ಕೈಗೂ ಮೆತ್ತಿಕೊಂಡು ಅಳುವ ಹಾಗಾಗಿತ್ತು. ಕೈಗೂ ಚಾಕುವಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕು ಅಂತ ಮಾರಿದವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಏಪ್ರಿಲ್, ಮೇ ಅಂದರೆ ಕಾಟು ಮಾವು, ಕಾಡು ಮಾವಿನಹಣ್ಣು. ಲಿಂಬೆಗಿಂತ ಸ್ವಲ್ಪ ದೊಡ್ಡದು, ನಾರೇ ಜಾಸ್ತಿ, ನೋಡಿದರೆ ಏನೂ ಅನ್ನಿಸುವುದಿಲ್ಲ. ಬೆಲ್ಲ, ಮೆಣಸು ಹಾಕಿ ಗೊಜ್ಜು ಮಾಡಿ, ಗೊರಟು ಚೀಪಿ ನೋಡಿ. ಅದೇ ಹೊತ್ತಿಗೆ ಕೆಂಪು ಪುನರ್ಪುಳಿ, ಅಂದರೆ ಕೋಕಂ ಹಣ್ಣು. ಮೇ ಕೊನೆಗೆ ಜನ ಮಂಗಳೂರು ಸೌತೆಯನ್ನು ಒಂದೆರಡಲ್ಲ, ಚೀಲಗಟ್ಟಲೆ ಹೊತ್ತುಕೊಂಡು ಹೋಗುತ್ತಾರೆ. ಮನೆಯಲ್ಲಿ ಬಾಳೆ ನಾರಿನಿಂದ ಕಟ್ಟಿ ಅಟ್ಟದಿಂದ ತೂಗುಹಾಕುತ್ತಾರೆ, ಮಳೆಗಾಲ ಪೂರ್ತಿ ಕೆಡುವುದಿಲ್ಲ. ನಮ್ಮ ಬಾಡಿಗೆ ಮನೆಗೆ ಅಟ್ಟ ಇಲ್ಲ. ಕಿಟಕಿಯ ಸರಳಿಗೆ ಪ್ಲಾಸ್ಟಿಕ್ ದಾರದಲ್ಲಿ ಏಳು ಸೌತೆ ಕಟ್ಟಿದ್ದೆ. ಪಕ್ಕದ ಮನೆಯವರು ನೋಡಿ ನಕ್ಕು, ಎರಡು ದಿನ ಬಿಟ್ಟು ಬಾಳೆ ನಾರು ತಂದು ಕೊಟ್ಟರು.

ಆಟಿ ತಿಂಗಳು ಬಂದರೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಬೆಳೆದದ್ದಕ್ಕಿಂತ ಹೆಕ್ಕಿದ್ದೇ ಜಾಸ್ತಿ. ತಜಂಕ್ ಸೊಪ್ಪು, ಪತ್ರೊಡೆಗೆ ಕೆಸುವಿನ ಎಲೆ, ಕಣಿಲೆ. ಕಣಿಲೆ ಅಂದರೆ ಎಳೇ ಬಿದಿರು. ಅದನ್ನು ಸಣ್ಣಗೆ ಹೆಚ್ಚಿ ಮೂರು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಬೇಕು, ಹಾಗೇ ತಿಂದರೆ ಒಳ್ಳೆಯದಲ್ಲ. ನಮ್ಮ ಮನೆಯವರು ವಾಸನೆಗೇ ಮೂಗು ಮುಚ್ಚುತ್ತಾರೆ. ನಾನೊಬ್ಬಳೇ ತಿನ್ನುತ್ತೇನೆ, ತೊಂದರೆ ಇಲ್ಲ.

ಸಿಟ್ಟು ಇಳಿದದ್ದು ಯಾವಾಗ ಅಂದರೆ ಒಬ್ಬ ಅಜ್ಜಿಯ ಕಾರಣಕ್ಕೆ. ಮೈದಾನದ ಬದಿಯಲ್ಲಿ ಕೂರುತ್ತಾರೆ. ಹರಕು ಕೊಡೆ, ಹಾಳೆ, ಒಂದು ಸ್ಟೀಲ್ ಡಬ್ಬಿಯಲ್ಲಿ ಚಿಲ್ಲರೆ. ತಕ್ಕಡಿ ಇಲ್ಲ, ಎಲ್ಲ ಗುಡ್ಡೆ ಲೆಕ್ಕ. ಎರಡು ವರ್ಷ ಅವರ ಹತ್ತಿರ ಬಸಳೆ ತೆಗೆದುಕೊಂಡಿದ್ದೆ, ದಪ್ಪ ದಂಟಿನದ್ದು, ಬಾವಿಕಟ್ಟೆ ಪಕ್ಕದ ಚಪ್ಪರದ್ದು ಅಂತ ಹೇಳುತ್ತಿದ್ದರು. ಒಂದು ವಾರ ಅವರ ಹಾಳೆಯ ಮೇಲೆ ತೊಂಡೆಕಾಯಿಯೂ ಇತ್ತು. ನಾನು ಅಭ್ಯಾಸದ ಮೇಲೆ ‘ಉಂದು ಊರುದಾ?’ ಅಂದೆ. ಅಜ್ಜಿ ನನ್ನ ಮುಖ ನೋಡಿದರು. ‘ಅತ್ತ್’ ಅಂದರು. ಅಲ್ಲ. ಆಮೇಲೆ ನನಗಾಗಿ ಕನ್ನಡದಲ್ಲಿ, ‘ಬಸಳೆ ನನ್ನದು ಮಗಾ. ತೊಂಡೆ ನಿನ್ನೆ ಅಂಗಡಿಯಿಂದ ತಂದದ್ದು. ಮಳೆಗೆ ಎಲ್ಲ ಕೊಳೆತು ಹೋಯಿತು, ಬಸಳೆ ಒಂದೇ ಇಟ್ಟುಕೊಂಡು ಕೂತರೆ ಬಸ್ಸಿನ ಚಾರ್ಜೂ ಹುಟ್ಟುವುದಿಲ್ಲ. ನಿನಗೆ ಬೇಡ ಅದು, ಅಂಗಡಿಯಲ್ಲೇ ಕಡಿಮೆಗೆ ಸಿಗುತ್ತದೆ’ ಅಂದರು.

ಒಂಬತ್ತು ವರ್ಷದಲ್ಲಿ ಆ ಪ್ರಶ್ನೆಗೆ ‘ಅಲ್ಲ’ ಅಂತ ಉತ್ತರ ಕೊಟ್ಟವರು ಅವರೊಬ್ಬರೇ. ನಾನು ತೊಂಡೆಯನ್ನೂ ತೆಗೆದುಕೊಂಡೆ. ಜಾಸ್ತಿ ರೇಟಿಗೇ.

ಅವತ್ತಿನಿಂದ ಆ ಬೆಂಡೆಯವರ ಮೇಲೂ ಸ್ವಲ್ಪ ಮೆತ್ತಗಾಗಿದ್ದೇನೆ. ಈ ಮಳೆಯಲ್ಲಿ ಬರೀ ಊರ ತರಕಾರಿ ನೆಚ್ಚಿಕೊಂಡರೆ ಪುತ್ತೂರು ಪೇಟೆ ಜೂನ್ ತಿಂಗಳಲ್ಲಿ ಸೌತೆ ಹುಳಿ ಒಂದನ್ನೇ ತಿನ್ನಬೇಕಾಗುತ್ತದೆ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಕೋಸು ಎಲ್ಲ ಮೇಲಿನಿಂದಲೇ ಬರಬೇಕು. ತರುವವರು ಬೇಕು. ಘಟ್ಟದ್ದನ್ನು ಘಟ್ಟದ್ದು ಅಂತಲೇ ಮಾರಿ ಮಾರಾಯ್ರೆ, ನಾನು ತೆಗೆದುಕೊಳ್ಳುವುದಿಲ್ಲ ಅಂದಿದ್ದೇನಾ? ಅವರ ಹತ್ತಿರ ಈಗಲೂ ಬೆಂಡೆ ಕೊಳ್ಳುತ್ತೇನೆ, ಐವತ್ತರ ಗುಡ್ಡೆಯಿಂದ. ‘ಮೇಡಂ, ಊರಿನದ್ದು ಬೇಡವಾ?’ ಅಂದರೆ ‘ನನ್ನ ಊರಿನದ್ದು ಇದೇ’ ಅನ್ನುತ್ತೇನೆ. ಅವರಿಗೆ ಅರ್ಥವಾಗಿದೆಯೋ ಇಲ್ಲವೋ, ಕೊಸರು ಮಾತ್ರ ನಿಲ್ಲಿಸಿಲ್ಲ.

ಉಳಿದ ವಿಷಯ ಚುಟುಕಾಗಿ. ಮಳೆಗಾಲದಲ್ಲಿ ಮೈದಾನ ಕೆಸರು, ಚಪ್ಪಲಿ ಒಳಗೇ ಉಳಿದುಬಿಡುತ್ತದೆ, ರಬ್ಬರಿನದ್ದೇ ಹಾಕಿಕೊಂಡು ಹೋಗಿ. ಟಾರ್ಪಾಲಿನ ಅಂಚಿನಿಂದ ನೀರು ಸರಿಯಾಗಿ ಕುತ್ತಿಗೆಗೇ ಇಳಿಯುತ್ತದೆ. ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ನಾನು ನಡೆದೇ ಹೋಗುತ್ತೇನೆ. ಹಿಂದೆ ಒಮ್ಮೆ ಈ ಸಂತೆಯನ್ನು ಎಪಿಎಂಸಿ ಅಂಗಳಕ್ಕೆ ಸಾಗಿಸಿದ್ದರು, ಆಮೇಲೆ ಮತ್ತೆ ಕಿಲ್ಲೆ ಮೈದಾನಕ್ಕೇ ಬಂತು. ಪೇಟೆ ನಡುವೆ ಇರುವುದೇ ಇದರ ಗುಣ, ಅದೇ ಇದರ ದೋಷವೂ ಹೌದು. ಬಸ್ಸಿನಲ್ಲಿ ಬರುವ ಅಜ್ಜಿಯರಿಗೆ ಹೊರೆ ಹೊತ್ತು ತುಂಬಾ ದೂರ ನಡೆಯಬೇಕಿಲ್ಲ, ಕಾರಿನವರಿಗೆ ಮಾತ್ರ ಗೋಳು.

ಎಲ್ಲ ಒಂದೇ ಕಡೆ, ತೊಳೆದು ಪ್ಯಾಕ್ ಮಾಡಿ ಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಐದರಲ್ಲಿ ಎಷ್ಟು ಅಂತ ಕೇಳಿದರೆ ಬೆಳಿಗ್ಗೆ ಏಳರ ಸಂತೆಗೆ ನಾಲ್ಕು, ಸಂಜೆಯದ್ದಕ್ಕೆ ಎರಡೂವರೆ. ಸೋಮವಾರ ಅನ್ನುವುದಕ್ಕೆ ಸೊನ್ನೆ.

ಕಳೆದ ವಾರ ಅಜ್ಜಿ ಬಂದಿರಲಿಲ್ಲ. ಪಕ್ಕದಲ್ಲಿ ಕೂರುವವರನ್ನು ಕೇಳಿದೆ, ಮೊಮ್ಮಗಳ ಮದುವೆಯಂತೆ, ಈ ಸೋಮವಾರ ಬರುತ್ತಾರಂತೆ. ಹಾರ್ಲಿಕ್ಸ್ ಬಾಟಲಿ ಎರಡು ವಾರದ ಚಿಲ್ಲರೆಯಿಂದ ತುಂಬಿದೆ.