ಗೋಕರ್ಣದ ವಿಕ್ಕಾ ಪೆಟ್ಟಿಗೆ: ಸಾಮಾನು ಚೆನ್ನ, ನೀತಿ ಪುಸ್ತಿಕೆ ಅರೆಬರೆ

ಗೋಕರ್ಣದಲ್ಲಿ ಕುಡ್ಲೆ ಕಡಲತೀರಕ್ಕೆ ಇಳಿಯುವ ದಾರಿಯ ಅಂಗಡಿಯೊಂದರಲ್ಲಿ ಹರಳು, ಭವಿಷ್ಯ ಹೇಳುವ ಟ್ಯಾರೋ ಕಾರ್ಡು, ಊದುಬತ್ತಿಗಳ ಪಕ್ಕದಲ್ಲೇ ‘ವಿಕ್ಕಾ ಆರಂಭ ಪೆಟ್ಟಿಗೆ’ ಮಾರಾಟಕ್ಕಿದೆ. ಬೆಲೆ ₹1,450. ಒಳಗೆ ಐದು ಬಣ್ಣದ ಮೇಣದಬತ್ತಿ, ಹಿತ್ತಾಳೆಯ ಬಟ್ಟಲು, ಐದು ಮೂಲೆಯ ನಕ್ಷತ್ರ ಕೊರೆದ ತಾಮ್ರದ ಬಿಲ್ಲೆ, ಕಪ್ಪು ಹಿಡಿಯ ಚಾಕು, 100 ಗ್ರಾಂ ಉಪ್ಪು, ಹೊಗೆ ಹಾಕಲು ಒಂದು ಕಟ್ಟು ಬಿಳಿ ಸೇಜ್ ಎಲೆ, ‘ಆಕರ್ಷಣೆ’ ಎಂದು ಬರೆದ ಗುಲಾಬಿ ಪೊಟ್ಟಣ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಚ್ಚಾದ 16 ಪುಟಗಳ ನೀತಿ ಪುಸ್ತಿಕೆ ಇವೆ. ಬಟ್ಟಲು, ಬತ್ತಿ, ಉಪ್ಪು ಯಾವ ಪೇಟೆಯಲ್ಲಾದರೂ ಸಿಗುತ್ತವೆ. ಬೇರೆಲ್ಲೂ ಸುಲಭಕ್ಕೆ ಸಿಗದಿರುವುದು ಕನ್ನಡದ ಆ ಪುಸ್ತಿಕೆ. ಹಾಗಾಗಿ ಪೆಟ್ಟಿಗೆಯನ್ನು ಅಳೆಯಬೇಕಾದದ್ದೂ ಅದರಿಂದಲೇ. ತಾನೇ ಅಚ್ಚು ಹಾಕಿದ ನೀತಿಗೆ ಈ ಪೆಟ್ಟಿಗೆ ನಡೆದುಕೊಂಡಿದೆಯೇ? ಅರ್ಧ ಮಾತ್ರ.

ಹೊಸಬರಿಗಾಗಿ ಎರಡು ಮಾತು. ವಿಕ್ಕಾ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದ, ಪ್ರಕೃತಿಯನ್ನು ಪೂಜಿಸುವ ಪಂಥ. ಅಲ್ಲಿ ಮಾಟಗಾರಿಕೆ ವಿರುದ್ಧದ ಹಳೆಯ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಪುಸ್ತಕ ಬರೆದು ಪಂಥವನ್ನು ಜನರ ಮುಂದಿಟ್ಟರು. ದೇವಿ, ದೇವ, ಋತುಗಳನ್ನು ಅನುಸರಿಸುವ ಎಂಟು ಹಬ್ಬ, ಹುಣ್ಣಿಮೆಯ ಆಚರಣೆ ಇದರ ಮೈ. ಸೈತಾನನಿಗೂ ಇದಕ್ಕೂ ಸಂಬಂಧವಿಲ್ಲ, ಪ್ರಾಣಿಬಲಿಯೂ ಇಲ್ಲ. ನಮ್ಮ ದೇಶದಲ್ಲಿ ಇದರ ಬಗ್ಗೆ ಬಹಿರಂಗವಾಗಿ ಮಾತಾಡಿದವರಲ್ಲಿ ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ ಅವರ ಹೆಸರು ಮೊದಲು ಬರುತ್ತದೆ. ಪುಸ್ತಿಕೆಯ ಮೊದಲೆರಡು ಪುಟ ಇಷ್ಟನ್ನು ಸರಿಯಾಗಿ, ನೇರವಾಗಿ ಹೇಳಿವೆ. ಮಾಟ ಮಾಡಿಸುವುದೆಂದರೆ ಹೆದರುವ ಊರುಗಳಲ್ಲಿ ಇದು ಬೇಕಿತ್ತು. ಅಂಗಡಿಗೆ ಬರುವವರು ಕೇಳುವ ಪ್ರಶ್ನೆಯೇ “ಅಣ್ಣಾ, ಇದ್ರಲ್ಲಿ ವೈರಿಗೆ ಏನಾದ್ರೂ ಮಾಡೂಕೆ ಆಗ್ತದಾ?” ಎಂಬುದು. ಆಗುವುದಿಲ್ಲ ಎಂದು ಪುಸ್ತಿಕೆ ದಪ್ಪಕ್ಷರದಲ್ಲಿ ಹೇಳಿದೆ. ಸಂತೋಷ.

ಎಡವಿರುವುದು ಮೂರನೇ ಪುಟದಲ್ಲಿ. ವಿಕ್ಕಾದ ನಡುಗಂಬವಾದ ‘ರೀಡ್’ ಎಂಬ ನೀತಿಸೂತ್ರವನ್ನು ಅಲ್ಲಿ ಕೊಟ್ಟಿದ್ದಾರೆ: ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದ್ದನ್ನು ಮಾಡು. ಆದರೆ ‘ನಿನಗೆ ಬೇಕಾದ್ದನ್ನು ಮಾಡು’ ಅರ್ಧ ಪುಟ ತುಂಬಿದೆ, ‘ಯಾರಿಗೂ ಕೇಡಾಗದಿದ್ದರೆ’ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಅಡಗಿದೆ. ಓದುವವರ ಕಣ್ಣಿಗೆ ಬೀಳುವುದು ಪರವಾನಗಿ, ತಪ್ಪಿಹೋಗುವುದು ಷರತ್ತು. ಕೆಳಗೆ ‘ಸಾವಿರಾರು ವರ್ಷಗಳ ಪ್ರಾಚೀನ ಸೂತ್ರ’ ಎಂದೂ ಬರೆದಿದ್ದಾರೆ. ಅದು ತಪ್ಪು. ಇಂದು ಎಲ್ಲರಿಗೂ ಗೊತ್ತಿರುವ ರೂಪದಲ್ಲಿ ಈ ಮಾತನ್ನು ಸಭೆಯಲ್ಲಿ ಹೇಳಿದವರು ಗಾರ್ಡ್ನರ್ ಅವರಿಂದ ದೀಕ್ಷೆ ಪಡೆದ ಡೋರೀನ್ ವ್ಯಾಲಿಯೆಂಟೆ, 1964ರ ಅಕ್ಟೋಬರ್ 3ರಂದು. ಹಳೆಯದು ಎಂದರೆ ಬೆಲೆ ಏರುತ್ತದೆ ಎಂಬ ಭ್ರಮೆ ಬೇಡ. ಅರವತ್ತು ವರ್ಷದ ಮಾತಾದರೂ ನಡೆಯಲ್ಲಿ ನಿಂತರೆ ಸಾಕು.

ಐದು, ಆರನೇ ಪುಟ ಪುಸ್ತಿಕೆಯ ಉತ್ತಮ ಭಾಗ. ರೀಡ್ ಕಟ್ಟಪ್ಪಣೆಯಲ್ಲ, ಸಲಹೆ ಎಂಬುದನ್ನು ಅಲ್ಲಿ ಬಿಡಿಸಿ ಹೇಳಿದ್ದಾರೆ. ಅನ್ನ ಉಣ್ಣುವುದರಲ್ಲೂ ಯಾವುದೋ ಜೀವಕ್ಕೆ ಪೆಟ್ಟಿದೆ, ಆದ್ದರಿಂದ ಕೇಡೇ ಇಲ್ಲದ ಬದುಕು ಸಾಧ್ಯವಿಲ್ಲ. ತೂಗಿ ನೋಡಿ, ಕಡಿಮೆ ಕೇಡಿನ ದಾರಿ ಹಿಡಿದು, ಆದದ್ದಕ್ಕೆ ತಾನೇ ಹೊಣೆ ಹೊರಬೇಕು. ಆಚರಣೆಗೆ ಮೊದಲು ಕೇಳಿಕೊಳ್ಳಲು ಪ್ರಶ್ನೆಗಳನ್ನೂ ಕೊಟ್ಟಿದ್ದಾರೆ. ಇದು ಯಾರನ್ನು ಮುಟ್ಟುತ್ತದೆ, ಅವರು ಒಪ್ಪಿದ್ದಾರೆಯೇ, ಮಾತಾಡಿಯೋ ದುಡಿದೋ ಆಗುವ ಕೆಲಸವೇ, ಮುಗಿದ ಮೇಲೆ ನೆಲದಲ್ಲಿ ಏನು ಉಳಿಯುತ್ತದೆ. ‘ಯಾರಿಗೂ’ ಎಂಬುದರಲ್ಲಿ ಮಾಡುವವರೂ ಸೇರುತ್ತಾರೆ ಎಂಬ ಸಾಲು ವಿಶೇಷವಾಗಿ ಮೆಚ್ಚುವಂಥದ್ದು. ದಿನಗಟ್ಟಲೆ ಉಪವಾಸ ಮಾಡಿ ತಲೆಸುತ್ತಿ ಬಿದ್ದರೆ ಅದೂ ರೀಡ್‌ಗೆ ವಿರುದ್ಧವೇ.

ಈ ಎರಡು ಪುಟ ಬರೆದವರೇ ಗುಲಾಬಿ ಪೊಟ್ಟಣವನ್ನೂ ಪೆಟ್ಟಿಗೆಗೆ ಹಾಕಿದರೆಂದರೆ ನಂಬುವುದು ಕಷ್ಟ. ಪೊಟ್ಟಣದಲ್ಲಿ ಗುಲಾಬಿ ಮೇಣದಬತ್ತಿ, ಕೆಂಪು ದಾರ, ಒಂದು ಚೀಟಿ. ಚೀಟಿಯ ಮೇಲೆ ‘ನೀವು ಬಯಸುವವರ ಹೆಸರು, ಹುಟ್ಟಿದ ದಿನ’ ಎಂದು ಖಾಲಿ ಜಾಗ. ದಾರವನ್ನು ಚೀಟಿಗೆ ಏಳು ಸುತ್ತು ಸುತ್ತಿ ಬತ್ತಿಯ ಕೆಳಗಿಡಬೇಕಂತೆ. ಒಬ್ಬರ ಹೆಸರು ಹಿಡಿದು, ಅವರಿಗೆ ತಿಳಿಸದೆ, ಅವರ ಮನಸ್ಸನ್ನು ತಿರುಗಿಸಲು ಹೊರಡುವುದು ವಶೀಕರಣವೇ. ವಿಕ್ಕಾದಲ್ಲಿ ನುರಿತವರು ಹೊಸಬರಿಗೆ ಮೊದಲು ‘ಬೇಡ’ ಎನ್ನುವುದೂ ಇದಕ್ಕೇ. ಕೇಡೆಂದರೆ ಮೈಗೆ ಆಗುವ ಗಾಯವಷ್ಟೇ ಅಲ್ಲ, ಇನ್ನೊಬ್ಬರ ಇಚ್ಛೆಯನ್ನು ಕಸಿಯುವುದೂ ಕೇಡು. ಇಂಥದ್ದು ಫಲಿಸುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಬೇಡ ಎಂದವರ ಹೆಸರನ್ನು ರಾತ್ರಿಯಿಡೀ ಜಪಿಸುತ್ತ ಕೂರುವ ಹುಡುಗನ ಮನಸ್ಸಿಗೆ ಅದು ಖಂಡಿತ ಒಳ್ಳೆಯದು ಮಾಡುವುದಿಲ್ಲ. ಮಾರನೇ ದಿನ ಅವನು ಆ ಹುಡುಗಿಯ ಬಸ್ ಸ್ಟಾಪಿನಲ್ಲಿ ನಿಂತರೆ ಗತಿಯೇನು?

ಪೊಟ್ಟಣ ಕೈಗೆ ಬಂದೇಬಿಟ್ಟಿದ್ದರೆ ಚೀಟಿಯನ್ನು ಹರಿದುಹಾಕಿ. ಬೇರೆ ಕಾಗದದಲ್ಲಿ ಹೆಸರಿಲ್ಲದೆ ಗುಣಗಳನ್ನು ಬರೆಯಿರಿ: ಕೊಟ್ಟ ಮಾತಿಗೆ ನಿಲ್ಲುವವರು, ನಗುವವರು, ಹೀಗೆ ನಾಲ್ಕೋ ಐದೋ. ಅದರ ಕೆಳಗೆ ಅಂಥವರ ಜೊತೆ ಬಾಳಲು ನಾನು ತಿದ್ದಿಕೊಳ್ಳಬೇಕಾದ್ದು ಏನು ಎಂದು ಒಂದಾದರೂ ಸಾಲು ಇರಲಿ. ದಾರ ಕಟ್ಟುವುದು ಬೇಡ. ಹೀಗಾದರೆ ಆಚರಣೆ ತಿರುಗುವುದು ಮಾಡುವವರ ಕಡೆಗೇ, ಯಾರ ಅನುಮತಿಯೂ ಬೇಕಾಗುವುದಿಲ್ಲ.

ಏಳನೇ ಪುಟದ ಮೂರುಪಟ್ಟಿನ ನಿಯಮವನ್ನು ‘ನಮ್ಮ ಕರ್ಮ ಸಿದ್ಧಾಂತವೇ ಇದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನಮ್ಮ ಓದುಗರಿಗೆ ಹತ್ತಿರವಾಗಲಿ ಎಂಬ ಉದ್ದೇಶ ಅರ್ಥವಾಗುತ್ತದೆ, ಆದರೆ ಎರಡೂ ಒಂದಲ್ಲ. ಕರ್ಮದ ಲೆಕ್ಕ ಜನ್ಮಾಂತರಕ್ಕೂ ಹರಿಯುತ್ತದೆ, ಅದಕ್ಕೆ ಮೂರರ ಗುಣಾಕಾರವಿಲ್ಲ. ಕಳಿಸಿದ್ದು ಒಳಿತಾಗಲಿ ಕೆಡುಕಾಗಲಿ ಮೂರು ಪಟ್ಟಾಗಿ ಇದೇ ಬದುಕಿನಲ್ಲಿ ತಿರುಗಿ ಬರುತ್ತದೆ ಎಂಬುದು ವಿಕ್ಕಾದವರಲ್ಲಿ ಬಳಕೆಯಲ್ಲಿರುವ ಮಾತು. ಅದನ್ನು ಅಕ್ಷರಶಃ ನಂಬದವರೂ ಬಹಳ ಮಂದಿ ಇದ್ದಾರೆ. ಇದರ ಬೇರು ಗಾರ್ಡ್ನರ್ ಪರಂಪರೆಯ ಎರಡನೇ ಹಂತದ ದೀಕ್ಷೆಯಲ್ಲಿದೆ. ಅಲ್ಲಿ ದೀಕ್ಷೆ ಪಡೆಯುವವರು ತಮಗೆ ಬಿದ್ದ 40 ಛಡಿಯೇಟನ್ನು 120 ಆಗಿ ಹಿಂದಿರುಗಿಸುತ್ತಾರೆ. ಏಟು ಸಾಂಕೇತಿಕ, ಪಾಠ ಇಷ್ಟು: ಒಳಿತನ್ನು ಪಡೆದರೆ ಅದನ್ನು ಮೂರು ಪಟ್ಟಾಗಿ ಹಿಂದಿರುಗಿಸಲು ನೀನು ಬದ್ಧ. ಶಿಕ್ಷೆಯ ಬೆದರಿಕೆ ಅಲ್ಲಿ ಮುಖ್ಯವಲ್ಲ, ಪಡೆದವರ ಋಣ ಮುಖ್ಯ. ಪುಸ್ತಿಕೆ ಇದನ್ನು ಹೇಳಿದ್ದರೆ ಹೆದರಿ ಕೆಡುಕು ಬಿಡುವವರ ಬದಲು ಋಣ ತೀರಿಸಲು ಕೈಚಾಚುವವರು ತಯಾರಾಗುತ್ತಿದ್ದರು.

ಮುಂದೆ 13 ತತ್ತ್ವಗಳ ಪಟ್ಟಿ ಇದೆ. ಅನುವಾದ ಓದುವಂತಿದೆ. ಪ್ರಕೃತಿಯೊಡನೆ ಹೊಂದಿ ಬಾಳುವುದು, ಸೈತಾನನ ಕಲ್ಪನೆಯನ್ನೇ ಒಪ್ಪದಿರುವುದು, ಇನ್ನೊಬ್ಬರ ನೋವಿನಿಂದ ಬಲ ಪಡೆಯದಿರುವುದು ಎಲ್ಲವೂ ಇವೆ. ಆದರೆ ‘ಜಗತ್ತಿನ ಎಲ್ಲ ವಿಕ್ಕನ್ನರ ಕಾನೂನು’ ಎಂಬ ತಲೆಬರಹ ಸರಿಯಲ್ಲ. ಇವು 1974ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸೇರಿದ ಒಂದು ಮಂಡಳಿ ಒಪ್ಪಿಕೊಂಡ ಹೇಳಿಕೆ. ಮಂಡಳಿ ಬಹುಬೇಗ ಮುಚ್ಚಿಹೋಯಿತು. ವಿಕ್ಕಾಗೆ ಮಠಾಧೀಶರಿಲ್ಲ, ಎಲ್ಲರನ್ನೂ ಕಟ್ಟಿಹಾಕುವ ಗ್ರಂಥವೂ ಇಲ್ಲ. ಆಚರಣೆಯಲ್ಲಿ ದೇವಿಯ ಮಾತಾಗಿ ಓದಲು ವ್ಯಾಲಿಯೆಂಟೆ ಬರೆದ ‘ದೇವಿಯ ನುಡಿ’ಯಲ್ಲಿ ಬರುವ ಜೋಡಿ ಗುಣಗಳನ್ನು ಪುಸ್ತಿಕೆ ಪೂರ್ತಿ ಬಿಟ್ಟುಬಿಟ್ಟಿದೆ: ಚೆಲುವು ಮತ್ತು ಕಸುವು, ಅಧಿಕಾರ ಮತ್ತು ಕರುಣೆ, ಮಾನ ಮತ್ತು ವಿನಯ, ನಗು ಮತ್ತು ಭಕ್ತಿ. ಏನು ಮಾಡಬಾರದು ಎಂಬುದರ ಜೊತೆ ಹೇಗಿರಬೇಕು ಎಂದು ಹೇಳುವ ಭಾಗವೇ ಅದು. ಮರುಮುದ್ರಣದಲ್ಲಿ ಸೇರಿಸಲೇಬೇಕು.

ಪೆಟ್ಟಿಗೆಯ ಮೇಲೆ ‘ಹಸಿರು ಬತ್ತಿ: ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಅಂಟಿಸಿದ ಚೀಟಿಯನ್ನು ಅಂಗಡಿಯವರು ಇಂದೇ ಕೀಳಬೇಕು. ತಾಯತ, ಮಂತ್ರ, ಕವಚಗಳಿಂದ ಮಧುಮೇಹ ವಾಸಿಯಾಗುತ್ತದೆಂದು ಜಾಹೀರಾತು ಮಾಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ವಾಮಾಚಾರ ವಿರೋಧಿ ಕಾಯ್ದೆಯಂತೂ ಹಾವು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಬಿಡದೆ ಮಂತ್ರತಂತ್ರಕ್ಕೆ ಕೂರಿಸುವುದನ್ನೇ ಅಪರಾಧವೆನ್ನುತ್ತದೆ. ಕಾನೂನು ಇರಲಿ ಬಿಡಲಿ, ಇನ್ಸುಲಿನ್ ಬಿಟ್ಟು ಬತ್ತಿ ಹಚ್ಚಿದರೆ ಕೇಡು ನೇರವಾಗಿ ದೇಹಕ್ಕೇ ಆಗುತ್ತದೆ. ಕಾಯಿಲೆಯವರಿಗಾಗಿ ಪ್ರಾರ್ಥಿಸಬಹುದು, ಆದರೆ ಔಷಧ ನಿಲ್ಲಬಾರದು. ಪ್ರಾರ್ಥಿಸುವುದಕ್ಕೂ ಮೊದಲು ಅವರನ್ನೊಮ್ಮೆ ಕೇಳಬೇಕು.

ಇನ್ನು ಸಾಮಾನು. ತಾಮ್ರದ ಬಿಲ್ಲೆ, ಬಟ್ಟಲು ಎರಡೂ ಗಟ್ಟಿಯಾಗಿವೆ, ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಹೊಳೆಯುತ್ತವೆ. ಚಾಕು ಅನಗತ್ಯವಾಗಿ ಹರಿತ. ಅಥಾಮೆ ಎಂದು ಕರೆಯುವ ಈ ಕಪ್ಪು ಹಿಡಿಯ ಚಾಕು ದಿಕ್ಕು ತೋರಿಸಲು, ಆಚರಣೆಯ ವೃತ್ತ ಎಳೆಯಲು ಮಾತ್ರ. ಗಿಡಮೂಲಿಕೆ ಕತ್ತರಿಸಲು ಬಿಳಿ ಹಿಡಿಯದ್ದು ಬೇರೆಯೇ ಇರುತ್ತದೆ. ಮಕ್ಕಳಿರುವ ಮನೆಯಾದರೆ ಅಂಚನ್ನು ಮೊಂಡು ಮಾಡಿಸಿ, ಇಲ್ಲವೇ ಮರದ ಕೋಲಿನಲ್ಲೇ ಮುಗಿಸಿ.

ಬಿಳಿ ಸೇಜ್ ಅಂತೂ ಬೇಕಿರಲಿಲ್ಲ. ಅದು ದಕ್ಷಿಣ ಕ್ಯಾಲಿಫೋರ್ನಿಯಾ ಕಡೆಯ ಗಿಡ, ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. ಬೇಡಿಕೆ ಏರಿದಂತೆ ಕಾಡಿನಿಂದ ಕದ್ದು ಕೊಯ್ಯುವುದು ಹೆಚ್ಚಿದೆ. ಕಟ್ಟಿನ ಮೇಲೆ ಎಲ್ಲಿಂದ ತಂದದ್ದು ಎಂಬ ಮಾಹಿತಿಯೂ ಇಲ್ಲ. ಲೋಬಾನ ಸಾಕು. ಶಿರಸಿ ಕಡೆಯ ಧೂಪದ ಅಂಟು ಇನ್ನೂ ಚೆನ್ನ ಎನ್ನುವವರು ಅದನ್ನು ಯಾರು, ಹೇಗೆ ತೆಗೆದರೆಂದು ಕೇಳಿಯೇ ಕೊಳ್ಳಿ. ಕಾಂಡಕ್ಕೆ ಆಳವಾಗಿ ಕಚ್ಚು ಹಾಕಿ ಬೆಂಕಿ ತಾಗಿಸಿ ಅಂಟು ಇಳಿಸಿದರೆ ಮರ ಸಾಯುತ್ತದೆ.

ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ. ಶುದ್ಧೀಕರಿಸದ ಕಡಲುಪ್ಪಿನ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆಯುವುದೇ ಕಾರಣ. ಗಾಜಿನ ಭರಣಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಡಿ. ಮುಗಿದ ಮೇಲೆ ಪಕ್ಕದ ಸಾಣಿಕಟ್ಟಾ ಉಪ್ಪು ಕೊಂಡರೆ ಸಾಕು. ಆಚರಣೆಯ ಜಾಗವನ್ನು ಶುದ್ಧಿ ಮಾಡುವ ನೀರಿಗೆ, ಒಂದು ಲೋಟಕ್ಕೆ ಮೂರು ಚಿಟಿಕೆ ಹಾಕಿ. ‘ಉಳಿದ ನೀರನ್ನು ಗಿಡಕ್ಕೆ ಸುರಿಯಿರಿ’ ಎಂಬ ಪುಸ್ತಿಕೆಯ ಸಲಹೆಯನ್ನು ಪಾಲಿಸಬೇಡಿ. ಪ್ರತಿ ಹುಣ್ಣಿಮೆಗೂ ಸುರಿಯುತ್ತ ಹೋದರೆ ತುಳಸಿ, ಮೆಣಸಿನ ಬಳ್ಳಿ, ಅಡಿಕೆ ಸಸಿ ಯಾವುದೂ ಉಳಿಯದು. ತೆಂಗಿನ ಬುಡಕ್ಕಾದರೆ ಅಡ್ಡಿಯಿಲ್ಲ.

ಬತ್ತಿಗಳು ಸಾಧಾರಣ ಪ್ಯಾರಾಫಿನ್. ಏಪ್ರಿಲ್, ಮೇ ಸೆಖೆಯಲ್ಲಿ ಮುಚ್ಚಿದ ಕಾರಿನಲ್ಲಿಟ್ಟರೆ ಬಾಗುತ್ತವೆ. ಎಳೆಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ, ಮರಳು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ. ಮುಖಪುಟದ ಚಿತ್ರದಲ್ಲಿರುವಂತೆ ರಾತ್ರಿ ಕಡಲತೀರದಲ್ಲಿ ಸಾಲುದೀಪ ಹಚ್ಚುವುದು ಬೇಡ. ಹೊನ್ನಾವರದ ಟೊಂಕ, ಕಾರವಾರದ ದೇವಬಾಗ್ ಸೇರಿ ನಮ್ಮ ಕರಾವಳಿಯಲ್ಲಿ ಚಳಿಗಾಲದಿಂದ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಬೆಳಕಿದ್ದ ಕಡೆ ಹರಿಯುತ್ತವೆ, ನೀರು ಬಿಟ್ಟು ದೀಪದತ್ತ ಬಂದರೆ ಸತ್ತಂತೆಯೇ. ಕಾಡಿನೊಳಗೂ ಅಷ್ಟೇ. ಚೌಡಿಬನ, ಜಟಕನ ಕಟ್ಟೆ, ಹುಲಿದೇವರ ಕಾನು ನಂಬಿ ನಡೆದುಕೊಳ್ಳುವ ಊರವರಿಗೆ ಸೇರಿದ್ದು. ಕೇಳದೆ ಅಲ್ಲಿ ವೃತ್ತ ಹಾಕುವುದು ಆ ಜನಕ್ಕೆ ಮಾಡುವ ಕೇಡು. ಮನೆಯ ಜಗುಲಿ ಸಾಕು. ಪಶ್ಚಿಮ ದಿಕ್ಕು ನೀರಿನದು ಎನ್ನುವ ವಿಕ್ಕಾದ ಕ್ರಮಕ್ಕೆ ನಮ್ಮ ಕಡಲು ಹೇಗೂ ಆ ಕಡೆಗೇ ಇದೆ.

ಕೊನೆಯ ಪುಟದಲ್ಲಿ ಕ್ಯೂಆರ್ ಕೋಡ್ ಒಂದಿದೆ. ಅದು ಹೆಸರು, ಫೋನ್ ನಂಬರ್, ಹುಟ್ಟಿದ ದಿನ ಕೇಳುತ್ತದೆ, ಆಮೇಲೆ ₹5,000ಕ್ಕೆ ‘ದೀಕ್ಷೆ’ ಕೊಡುತ್ತೇವೆ ಎನ್ನುತ್ತದೆ. ತುಂಬಬೇಡಿ. ಗಾರ್ಡ್ನರ್ ಪರಂಪರೆಯಲ್ಲೂ ಅದರಿಂದ ಕವಲೊಡೆದ ಅಲೆಕ್ಸಾಂಡ್ರಿಯನ್ ಪರಂಪರೆಯಲ್ಲೂ ಕಲಿಸುವುದಕ್ಕೂ ದೀಕ್ಷೆಗೂ ಹಣ ಪಡೆಯುವಂತಿಲ್ಲ. ಒಂದು ವರ್ಷ ಮತ್ತು ಒಂದು ದಿನ ಕಾಯಿಸಿ, ಪರಸ್ಪರ ಅರಿತ ಮೇಲೇ ದೀಕ್ಷೆ ಎಂಬುದು ವಾಡಿಕೆ. ಜಾಗದ ಬಾಡಿಗೆ, ಊಟದ ಖರ್ಚು ಹಂಚಿಕೊಂಡರೆ ತಪ್ಪಿಲ್ಲ. ಇನ್ನೊಬ್ಬರು ವಿಕ್ಕಾದವರೆಂದು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳದಿರುವುದೂ ಪಂಥದ ದೊಡ್ಡ ನಿಯಮ. ಒಂದು ಮನೆಯ ಸುದ್ದಿ ಸಂಜೆಯೊಳಗೆ ಕೇರಿಯೆಲ್ಲ ತಿರುಗುವ ನಮ್ಮ ಊರುಗಳಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ಕೊಂಡವರ ಪಟ್ಟಿಯನ್ನು ಗುರುತಿಲ್ಲದವರ ಕೈಗೆ ಕೊಡುವ ಕೋಡ್ ಈ ಪೆಟ್ಟಿಗೆಯಲ್ಲಿ ಇರಲೇಬಾರದಿತ್ತು.

ಕೇಳಿದರೆ ಅಂಗಡಿಯವರು ಗುಲಾಬಿ ಪೊಟ್ಟಣ ಮತ್ತು ಸೇಜ್ ಕಟ್ಟನ್ನು ತೆಗೆದು ₹1,100ಕ್ಕೆ ಕೊಡುತ್ತಾರೆ. ಆ ಬೆಲೆಗೆ ಕೊಳ್ಳಬಹುದು. ಬಟ್ಟಲು, ಬತ್ತಿ ಮನೆಯಲ್ಲೇ ಇದ್ದರೆ ಪುಸ್ತಿಕೆ ಮಾತ್ರ ₹120ಕ್ಕೆ ಬಿಡಿಯಾಗಿ ಸಿಗುತ್ತದೆ, ಗಲ್ಲೆಯ ಹತ್ತಿರ ಕೇಳಬೇಕು, ಹೊರಗೆ ಇಟ್ಟಿರುವುದಿಲ್ಲ.